ಮಂಗದ ಹೃದಯ ಕವಾಟದ ಬ್ಯಾಕ್ಟೀರಿಯಾ: ಹೊಸ ಪ್ರಭೇದವೇ?

ಪ್ರಶ್ನೆ: ಸಾಗರದ ಕಡೆ ಸತ್ತ ಮಂಗದ ಮೈಟ್ರಲ್ ಕವಾಟದ ಮೇಲೆ ಹೂಕೋಸಿನಂಥ ಗಂಟು. ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾದ 16ಎಸ್ ಜೀನ್ (ಬ್ಯಾಕ್ಟೀರಿಯಾ ಗುರುತಿಸಲು ಹೋಲಿಸಿ ನೋಡುವ ಜೀನ್) ಹತ್ತಿರದ ಪ್ರಭೇದಕ್ಕೆ ಶೇ 98.2ರಷ್ಟು ಹೊಂದುತ್ತದೆ. ಹೊಸದೆನ್ನಬಹುದೇ?

ಉತ್ತರ 1: ಶೇ 98.7ಕ್ಕಿಂತ ಕಡಿಮೆ ಇದ್ದರೆ ಅನುಮಾನ ಗಟ್ಟಿ, ಅಷ್ಟೇ. ಪೂರ್ಣ ಜೀನೋಮ್ ಓದಿಸಿ. ಹೊಸದೆನ್ನಲು, ಎರಡು ಜೀನೋಮ್‌ಗಳ ಹೋಲಿಕೆ ಅಳೆಯುವ ಎರಡು ಲೆಕ್ಕಗಳಲ್ಲಿ ಸರಾಸರಿ ನ್ಯೂಕ್ಲಿಯೊಟೈಡ್ ಸಾಮ್ಯ ಶೇ 95ಕ್ಕಿಂತ, ಡಿಜಿಟಲ್ ಡಿಎನ್‌ಎ ಹೈಬ್ರಿಡೈಸೇಶನ್ ಶೇ 70ಕ್ಕಿಂತ ಕೆಳಗಿರಬೇಕು. ಮಾಲ್ಡಿ-ಟಾಫ್ (ಪ್ರೋಟೀನ್‌ಗಳಿಂದ ಬ್ಯಾಕ್ಟೀರಿಯಾ ಪತ್ತೆಹಚ್ಚುವ ಯಂತ್ರ) ಗುರುತಿಸಲಿಲ್ಲ ಅಂದರೆ ಅದರ ದತ್ತಾಂಶದಲ್ಲಿಲ್ಲ ಎಂದಷ್ಟೇ ಅರ್ಥ.

ಉತ್ತರ 2: ಅದೇ ರೋಗಕಾರಕ ಅನ್ನೋದು ಮೊದಲು ಖಚಿತವಾಗಲಿ. ಸತ್ತು ಹೊತ್ತಾದರೆ ಕರುಳಿನ ಬ್ಯಾಕ್ಟೀರಿಯಾ ಎಲ್ಲೆಡೆ ಹರಡಿರುತ್ತವೆ. ಗಂಟಿನ ಅರ್ಧ, ಅಂಗಾಂಶ ಕೆಡದಂತಿಡುವ ಫಾರ್ಮಾಲಿನ್‌ಗೆ, ಇನ್ನರ್ಧ ಹಾಗೇ ತಣ್ಣಗಿರಲಿ. ಫಾರ್ಮಾಲಿನ್‌ಗೆ ಬಿದ್ದದ್ದು ಕಲ್ಚರ್‌ಗೆ ಬಾರದು. ಬ್ಯಾಕ್ಟೀರಿಯಾ ಕಾಣಿಸುವ ಗ್ರಾಂ ಬಣ್ಣ ಹಾಕಿದಾಗ, ಗಂಟಿನ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರು) ಪದರದೊಳಗೇ ಅವುಗಳ ಗುಂಪು ಕಾಣಬೇಕು.

ಉತ್ತರ 3: ಮಲೆನಾಡಲ್ಲಿ ಮಂಗ ಸತ್ತರೆ ಮೊದಲ ಶಂಕೆ ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ, 1957ರಲ್ಲಿ ಕ್ಯಾಸನೂರು ಕಾಡಲ್ಲೇ ಅದು ಪತ್ತೆಯಾದದ್ದು. ಅದನ್ನು ಹರಡುವ ಉಣುಗು ಹೆಣದಿಂದ ಉದುರುತ್ತವೆ. ಆರೋಗ್ಯ ಇಲಾಖೆಗೆ ತಿಳಿಸದೆ, ಪೂರ್ಣ ರಕ್ಷಾಕವಚವಿಲ್ಲದೆ ದಯವಿಟ್ಟು ಕೊಯ್ಯಬೇಡಿ.