ಪುಟ್ಟನ ಬೆಂಗಳೂರು ಮನೆ ವಿಷಯಕ್ಕೆ ಅತ್ತೆಯ ವಾಯ್ಸ್ ಮೆಸೇಜು

ಹಾಂ ಪುಟ್ಟಾ, ಅತ್ತೆ ಕಣೋ. ಹಿಂದೆ ದಬದಬ ಅಂತಿರೋದು ಮಳೆ, ಕೊಟ್ಟಿಗೆ ತಗಡಿನ ಮೇಲೆ ಹೊಡೀತಿದೆ. ಅದಕ್ಕೇ ಜೋರಾಗಿ ಮಾತಾಡ್ತಿದೀನಿ, ಬೈತಿದಾಳೆ ಅಂದ್ಕೋಬೇಡ. ಟೈಪ್ ಮಾಡಕ್ಕೆ ಕೂತ್ರೆ ಬೆಳಗಾಗುತ್ತೆ, ಹಿಂಗೇ ಹೇಳಿಬಿಡ್ತೀನಿ.

ನಿನ್ನೆ ರಾತ್ರಿ ಮನೆಯವರ ಗ್ರೂಪಲ್ಲಿ ಹಾಕಿದ್ಯಲ್ಲ, ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ ಆಯ್ತು, ಕೈಗೆ ನಲವತ್ತೆರಡು ಸಾವಿರ ಬರುತ್ತೆ, ಎರಡು ಮನೆ ನೋಡಿದೀನಿ, ಆಫೀಸಿನ ಹತ್ರದ್ದು 16,000, ನಾಗರಭಾವೀಲಿ ಅಮ್ಮನ ಕಡೆಯವರ ಪಕ್ಕದ್ದು 12,000, ಯಾವುದು ತಗಳ್ಳಿ ಅಂತ. ಅದಕ್ಕೆ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದಾರೆ. ಯಾವ ಮನೆಗೆ ಒತ್ತಿದ್ದು ಅಂತ ದೇವರಿಗೇ ಗೊತ್ತು. ಅತ್ತಿಗೆ ನಾಗರಭಾವಿ ಅಂತಾರೆ, ದೊಡ್ಡಣ್ಣ ಭೋಗ್ಯಕ್ಕೆ ಹಾಕ್ಕೋ ಅಂತಾನೆ. ನಾನು ಹದಿನಾಲ್ಕು ವರ್ಷ ಬೆಂಗಳೂರಲ್ಲಿದ್ದು ಬಂದವಳು, ನಂದೂ ಒಂದು ಕೇಳು.

ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ನಾಗರಭಾವಿ ಬೇಡ. ನಾಲ್ಕು ಸಾವಿರ ಉಳಿಯುತ್ತೆ ಅಂತ ಕಾಣುತ್ತಲ್ಲ, ಎಲ್ಲಿ ಉಳಿಯುತ್ತೆ ನೋಡಿ. ಆಟೋನೋ ಬಸ್ಸೋ ಹಿಡಿದು ವಿಜಯನಗರಕ್ಕೆ ಬರಬೇಕು. ಅಲ್ಲಿ ಮೆಟ್ರೋದ ನೇರಳೆ ಲೈನ್ ಹತ್ತಿ ಮೆಜೆಸ್ಟಿಕ್ಕಲ್ಲಿ ಇಳಿದು, ಹಸಿರು ಲೈನ್ ಹಿಡಿದು ಆರ್.ವಿ. ರೋಡಿಗೆ ಹೋಗಿ, ಅಲ್ಲಿಂದ ಹಳದಿ ಲೈನು. ಆ ಹಳದಿ ಲೈನು 2025ರ ಆಗಸ್ಟಲ್ಲಿ ಶುರುವಾಗಿದ್ದೇ ದೊಡ್ಡ ಪುಣ್ಯ, ಇಲ್ದಿದ್ರೆ ಸಿಲ್ಕ್ ಬೋರ್ಡ್ ಹತ್ರ ಬಸ್ಸಲ್ಲೇ ನಿಂತು ಹುಡುಗನ ಗಡ್ಡ ಬೆಳೀತಿತ್ತು. ಆದ್ರೂ ಬಾಗಿಲಿಂದ ಬಾಗಿಲಿಗೆ ಒಂದೂವರೆ ಗಂಟೆ ಇಟ್ಕೊಳ್ಳಿ. ಹೋಗ್ತಾ ಬರ್ತಾ ಮೂರು ಗಂಟೆ. ಮೆಟ್ರೋ ದರ 2025ರ ಫೆಬ್ರವರೀಲಿ ಏರಿಸಿದಾಗ ಗರಿಷ್ಠ 90 ಆಯ್ತು, ಇವನ ದೂರಕ್ಕೆ ಒಂದು ಕಡೆಗೇ 80–90 ಆಗುತ್ತೆ. ಇಪ್ಪತ್ತೆರಡು ದಿನಕ್ಕೆ ಮೂರೂವರೆ ಸಾವಿರ ಅಲ್ಲೇ ಹೋಯ್ತು, ಆಟೋ ಲೆಕ್ಕ ಬೇರೆ. ಉಳಿದಿದ್ದು ಎಂತ? ತಿಂಗಳಿಗೆ ಅರವತ್ತಾರು ಗಂಟೆ ಕಳ್ಕೊಂಡಿದ್ದು. ಶೃಂಗೇರಿಗೆ ಹೋಗಿ ಬರೋದನ್ನ ನಾವು ಪ್ರವಾಸ ಅಂತೀವಿ, ಇವನು ದಿನಾ ಅಷ್ಟು ಹೊತ್ತು ನಿಂತ್ಕೊಂಡು ಹೋಗಬೇಕಾ?

ಹಂಗಾರೆ ಆಫೀಸಿನ ಹತ್ರದ್ದೇ ತಗೋ ಅಂತೀನಾ? ಅದೂ ಇಲ್ಲ ಮಾರಾಯ. ಫೋಟೋ ಕಳಿಸಿದ್ಯಲ್ಲ, ಮಾಡ್ಯುಲರ್ ಕಿಚನ್ನು, ಗೋಡೆಗೆ ಬೂದು ಬಣ್ಣ, ಎಲ್ಲ ಚಂದ. ಆ ಅಡುಗೆಮನೆ ನಲ್ಲಿದು ಒಂದು ಫೋಟೋ ದೊಡ್ಡದು ಮಾಡಿ ನೋಡ್ದೆ. ಮೂತಿ ಸುತ್ತ ಬೆಳ್ಳಗೆ ಸುಣ್ಣ ಕಟ್ಟಿದೆ, ನೋಡು ಬೇಕಾರೆ. ಅದು ಬೋರ್ ನೀರು, ಬರೀ ಗಡಸು. ಅಂಥಾ ನೀರಲ್ಲಿ ತೊಗರಿಬೇಳೆ ಬೇಯಲ್ಲ ಕಣೋ. ನಾನು ಮದುವೆಯಾಗಿ ಹೋದ ಹೊಸದರಲ್ಲಿ ಕುಕ್ಕರ್ ಆರು ಕೂಗಿಸಿದ್ರೂ ಬೇಳೆ ಬೇಳೆಯಾಗೇ ಇರೋದು, ಅತ್ತೆಯೋರು ನಂಗೆ ಅಡುಗೆ ಬರಲ್ಲ ಅಂತ ಊರಿಗೆಲ್ಲ ಫೋನ್ ಮಾಡಿ ಹೇಳಿದ್ರು. ಆಮೇಲೆ ಕಾವೇರಿ ನೀರಲ್ಲಿ ಇಟ್ಟಾಗ ಮೂರೇ ಕೂಗಿಗೆ ಬೆಣ್ಣೆ ಆಯ್ತು. ಅದನ್ನ ಹೇಳಕ್ಕೆ ಯಾರಿಗೂ ಫೋನ್ ಮಾಡ್ಲಿಲ್ಲ.

ನೀರಿನ ವಿಷಯ ನಮ್ಮ ಮಲೆನಾಡಿನವರಿಗೆ ತಲೆಗೇ ಹತ್ತಲ್ಲ. ಇಲ್ಲಿ ಗುಡ್ಡದ ಅಬ್ಬಿ ನೀರು ಮೋಟರೂ ಇಲ್ದೆ ಪೈಪಲ್ಲಿ ಇಳಿದು ಬಚ್ಚಲ ಹಂಡೆಗೆ ಬೀಳುತ್ತೆ, ಬೇಡ ಅಂದ್ರೂ ನಿಲ್ಲಲ್ಲ. ಅಲ್ಲಿ ಕಾವೇರಿನ ತೊರೆಕಾಡನಹಳ್ಳಿಯಿಂದ, ನೂರು ಕಿಲೋಮೀಟರ್ ಹತ್ತಿರ, ಮೇಲಕ್ಕೆ ಪಂಪ್ ಮಾಡಿ ತರ್ತಾರೆ. 2024ರ ಅಕ್ಟೋಬರಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾಯ್ತು, ಸುತ್ತಲಿನ 110 ಹಳ್ಳಿಗೆ ಅಂತ. ಒಳ್ಳೇದೇ. ಆದ್ರೆ ಬೀದೀಲಿ ಪೈಪ್ ಇರೋದು ಬೇರೆ, ನೀನು ಹೋಗೋ ಮನೆಯ ಸಂಪ್‌ಗೆ, ಅಂದ್ರೆ ನೆಲದಡಿ ತೊಟ್ಟಿಗೆ, ಕನೆಕ್ಷನ್ ಇರೋದು ಬೇರೆ. ಅದೇ ವರ್ಷ ಮಾರ್ಚಲ್ಲಿ ನಮ್ಮ ಬಿಲ್ಡಿಂಗಿನ ಬೋರ್ ಬತ್ತಿ ಹೋಯ್ತು. 12,000 ಲೀಟರ್ ಟ್ಯಾಂಕರಿಗೆ, ಐದು ಕಿಲೋಮೀಟರ್ ಒಳಗಾದ್ರೆ ಸಾವಿರ ರೂಪಾಯಿ ಅಂತ ಸರ್ಕಾರ ದರ ಕಟ್ಟಿತು, ನಮ್ಮ ಓನರ್ರು ಅದಕ್ಕಿಂತ ಹೆಚ್ಚು ಕೊಟ್ಟು ತರಿಸಿ ಎಲ್ಲಾ ಮನೆಗೂ ಹಂಚಿ ಹಾಕಿದ್ರು. ಬೆಳಿಗ್ಗೆ ಅರ್ಧ ಗಂಟೆ ನೀರು, ಮತ್ತೆ ಸಂಜೆ ಅರ್ಧ ಗಂಟೆ. ನಾಲ್ಕನೇ ಮಹಡಿಗೆ ಬರೋ ಹೊತ್ತಿಗೆ ನಲ್ಲೀಲಿ ಬರೀ ಗಾಳಿ, ಬುಸ್ ಅಂತ ಹಾವು ಬಂದಂಗೆ. ಸ್ನಾನ ಮಾಡಿದ ನೀರನ್ನ ಬಕೆಟ್ಟಲ್ಲಿ ಹಿಡಿದು ಕಕ್ಕಸಿಗೆ ಹಾಕಿದೀನಿ. ಆ ವರ್ಷಾನೇ ನಾವು ಊರಿಗೆ ಬಂದಿದ್ದು, ಕೆಲಸ ಬಿಟ್ಟು ಬಂದ್ರು ಅಂತ ನೀವೆಲ್ಲ ಅಂದ್ಕೊಂಡಿದೀರಿ.

ಅದಕ್ಕೇ ಮನೆ ನೋಡಕ್ಕೆ ಹೋದ್ರೆ ಹಾಲ್ ಎಷ್ಟು ದೊಡ್ಡದು ಅಂತ ಆಮೇಲೆ ನೋಡು. ಕಾವೇರಿ ವಾರಕ್ಕೆ ಎಷ್ಟು ದಿನ ಬರುತ್ತೆ, ಟ್ಯಾಂಕರ್ ದುಡ್ಡು ಮೇಂಟೆನೆನ್ಸಲ್ಲೇ ಇದ್ಯಾ ಬೇರೆನಾ ಅಂತ ಕೇಳು. ಓನರ್ ಹತ್ರ ಅಲ್ಲ, ಅವರು ಎಲ್ಲ ಚೆನ್ನಾಗಿದೆ ಅಂತಾರೆ. ಪಕ್ಕದ ಮನೆ ಹೆಂಗಸರ ಹತ್ರ ಕೇಳು. ಮಳೆ ಬಂದಾಗ ಒಂದ್ಸಲ ಹೋಗಿ ಬೀದಿ ನೋಡು. 2022ರ ಸೆಪ್ಟೆಂಬರಲ್ಲಿ ಮಹದೇವಪುರದ ಕಡೆ ಕೋಟಿ ಕೋಟಿ ಬಾಳೋ ಮನೆಯವರನ್ನ ಟ್ರ್ಯಾಕ್ಟರಲ್ಲಿ ಸಾಗಿಸಿದ್ದು ಟಿವೀಲಿ ನೋಡಿದ್ವಲ್ಲ.

ನನ್ನ ಕೇಳಿದ್ರೆ ಹಸಿರು ಲೈನಿನ ದಕ್ಷಿಣದ ಕಡೆ ಹುಡುಕು. ಬನಶಂಕರಿ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್ ಒಳಗೊಳಗೆ. ಆರ್.ವಿ. ರೋಡಲ್ಲಿ ಒಂದೇ ಸಲ ಬದಲಿಸಿದ್ರೆ ಆಯ್ತು. ಇನ್ನೊಂದು ಲಾಭ ಇದೆ, ನಿಮ್ಮಮ್ಮಂಗೆ ಖುಷಿಯಾಗೋದು. ಶಿವಮೊಗ್ಗದ ರೈಲಲ್ಲಿ ಬಂದು ಯಶವಂತಪುರದಲ್ಲಿ ಇಳಿದ್ರೆ ಅಲ್ಲೇ ಹಸಿರು ಲೈನು. ಉಪ್ಪಿನಕಾಯಿ ಭರಣಿ ಹೊತ್ಕೊಂಡು ಎಲ್ಲೂ ಬದಲಿಸದೆ ಮನೆ ಹತ್ರ ಇಳೀಬಹುದು. ಹಬ್ಬಕ್ಕೆ ಊರಿಗೆ ಬರಕ್ಕೆ ನೆವ ಹೇಳಕ್ಕೂ ಆಗಲ್ಲ ನಿಂಗೆ.

ಅಡ್ವಾನ್ಸ್ ಒಂದು ಹೇಳಿಬಿಡ್ತೀನಿ. ನಾವು ಹೋದಾಗ ಹತ್ತು ತಿಂಗಳ ಬಾಡಿಗೆ ಕೇಳೋರು. ನಿಂಗೆ ಆರು ತಿಂಗಳದ್ದು ಕೇಳಿದಾರೆ ಅಂದ್ಯಲ್ಲ, 16,000 ಮನೆಗೆ ಅದೇ 96,000 ಆಯ್ತು. ಚೌಕಾಸಿ ಮಾಡು, ನಾಚ್ಕೋಬೇಡ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರ್ಕೊಳ್ತಾರೆ, ಅದು ಅಲ್ಲಿನ ಪದ್ಧತಿ. ನಮ್ಮದ್ರಲ್ಲಿ ಅದರ ಮೇಲೆ ಮೊಳೆ ಹೊಡೆದ ತೂತಿಗೂ ಲೆಕ್ಕ ಹಾಕಿದ್ರು. ಆ ತೂತು ನಾವು ಹೋಗೋಕೆ ಮುಂಚೆನೇ ಇತ್ತು, ನಾನು ಅದರಲ್ಲೇ ಕ್ಯಾಲೆಂಡರ್ ನೇತು ಹಾಕಿದ್ದು. ಸಾಕ್ಷಿ ಎಲ್ಲಿಂದ ತರದು? ನೀನು ಕೀ ಇಸ್ಕೊಂಡ ದಿನವೇ ಮೂಲೆ ಮೂಲೆ ವಿಡಿಯೋ ಮಾಡಿ ಓನರಿಗೇ ಕಳಿಸಿಬಿಡು. ಮನೆಗೆ ಬೇರೆ ಮೀಟರ್ ಇದ್ಯಾ ಅಂತಾನೂ ಕೇಳು, ಗೃಹಜ್ಯೋತಿ ಬಾಡಿಗೆಯವರಿಗೂ ಇದೆ.

ದೊಡ್ಡಣ್ಣ, ಕೇಳ್ತಿದ್ಯೇನೋ. ಭೋಗ್ಯ ಅಂದ್ರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ರೆ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್ ಬರುತ್ತೆ, ಸರಿ. ಆದ್ರೆ ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ರೆ, ಬ್ಯಾಂಕಿನವರು ಬಂದು ನೋಟಿಸ್ ಅಂಟಿಸೋದು ಇವನ ಬಾಗಿಲಿಗೆ. ಮನೆ ಮೇಲೆ ಸಾಲ-ಋಣ ಇದ್ಯಾ ಅಂತ ತೋರಿಸೋ ಇ.ಸಿ. ತೆಗೆಸದೆ, ರಿಜಿಸ್ಟರ್ ಮಾಡಿಸದೆ ಅಡಿಕೆ ದುಡ್ಡು ಹತ್ತು ಲಕ್ಷ ಅಲ್ಲಿ ಇಡದು ಬೇಡ. ಈ ಸಲ ಅಡಿಕೆಗೆ ಕೊಳೆ ರೋಗ ಹೆಂಗಿರುತ್ತೋ ಅಂತ ಇಲ್ಲೇ ಎದೆ ಹೊಡ್ಕೊಳ್ತಿದೆ.

ಪುಟ್ಟಾ, ಮೊದಲೆರಡು ತಿಂಗಳು ಆಫೀಸ್ ಹತ್ರ ಪೀಜೀಲಿ ಇರು. ಊಟ ಚೆನ್ನಾಗಿರಲ್ಲ, ಇರ್ಲಿ. ಭಾನುವಾರ ಭಾನುವಾರ ನಡ್ಕೊಂಡು ಟು-ಲೆಟ್ ಬೋರ್ಡ್ ನೋಡು, ಬ್ರೋಕರಿಗೆ ಕೊಡೋ ಒಂದು ತಿಂಗಳ ಬಾಡಿಗೆನೂ ಉಳಿಯುತ್ತೆ. ಬ್ಯಾಚುಲರಿಗೆ ಕೊಡಲ್ಲ ಅಂತಾರೆ ಸುಮಾರು ಜನ, ಅಲ್ಲಿಗೆ ಅಮ್ಮನ್ನ ಕರ್ಕೊಂಡು ಹೋಗು.

ಮನೆ ಸಿಕ್ಕಿದ ದಿನ ಮೊದಲು ಒಂದು ನೀಲಿ ಡ್ರಮ್ಮು ತಗೋ, ಇನ್ನೂರು ಲೀಟರಿಂದು. ನಮ್ಮದು ಅಲ್ಲಿಂದ ತಂದಿದ್ದು ಇತ್ತು, ನಿಂಗೇ ಕೊಡ್ತಿದ್ದೆ. ಅದರಲ್ಲಿ ನಿಮ್ಮ ಮಾವ ಅಡಿಕೆಗೆ ಹೊಡೆಯೋ ಮೈಲುತುತ್ತ ಕಲಸಿ ಇಟ್ಟಿದಾರೆ, ಮಳೆ ಒಂಚೂರು ಹೊಳವಾದ್ರೆ ಎರಡನೇ ಔಷಧಿ ಹೊಡೀಬೇಕಂತೆ. ಹಾಂ, ಬಂದೆ ರೀ... ಕರೀತಿದಾರೆ, ಇಡ್ತೀನಿ.