ಪಶ್ಚಿಮದ ಗಾಜು, ಸಂಜೆಯ ಸೆಕೆ: ದೊಡ್ಡ ಚಿಲ್ಲರ್ ಬೇಕೇ?

ಪ್ರಶ್ನೆ: ನಾಲ್ಕು ಮಹಡಿಯ ಆಫೀಸು, ಪಶ್ಚಿಮಕ್ಕೆ ಪೂರ್ತಿ ಗಾಜು. ಮಧ್ಯಾಹ್ನ 3ರ ಮೇಲೆ ಆ ಬದಿಯಲ್ಲಿ ಕೂರೋಕಾಗಲ್ಲ; ಥರ್ಮೋಸ್ಟಾಟ್ 18ಕ್ಕಿಟ್ಟರೂ ಸೆಕೆ. ಆ ಹೊತ್ತಿನಲ್ಲಿ ಚಿಲ್ಲರ್‌ನಿಂದ (ಎಸಿಗೆ ನೀರು ತಣ್ಣಗೆ ಮಾಡೋ ಯಂತ್ರ) ನೀರು 7 ಡಿಗ್ರಿಯಲ್ಲಿ ಹೋಗಿ 10ರಲ್ಲಿ ವಾಪಸ್ ಬರುತ್ತೆ. ದೊಡ್ಡ ಚಿಲ್ಲರ್ ಹಾಕಿಸಿ ಅಂತಿದ್ದಾರೆ. ಹಾಕಿಸೋದಾ ಸರ್?

ಉತ್ತರ: ದಯವಿಟ್ಟು ಈಗಲೇ ಹಾಕಿಸಬೇಡಿ. ಚಿಲ್ಲರ್‌ಗೆ ಶಕ್ತಿ ಸಾಲದಿದ್ದರೆ ಹೋಗುವ ನೀರು 7ರಲ್ಲಿ ನಿಲ್ಲದೆ ಮೇಲೇರುತ್ತಿತ್ತು. ಸಾಮಾನ್ಯವಾಗಿ ವಾಪಸ್ ನೀರು 12ರ ಆಸುಪಾಸು ಇರುವಂತೆ ವಿನ್ಯಾಸ ಮಾಡಿರುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದು ಹರಿವು ಸರಿಯಿದ್ದರೆ, 5 ಡಿಗ್ರಿ ವ್ಯತ್ಯಾಸ ಇರಬೇಕಾದಲ್ಲಿ 3 ಮಾತ್ರ ಇರುವುದರಿಂದ, ಚಿಲ್ಲರ್ ಹೊರುತ್ತಿರುವುದು ಶೇ. 60ರಷ್ಟು ಲೋಡ್ ಮಾತ್ರ. ತಂಪು ಇದೆ, ಕೋಣೆಗೆ ತಲುಪುತ್ತಿಲ್ಲ.

ಮೊದಲು ಎಎಚ್‌ಯು (ಗಾಳಿ ತಂಪು ಮಾಡಿ ಕೋಣೆಗೆ ಕಳಿಸುವ ಘಟಕ) ಫಿಲ್ಟರ್ ಬಿಚ್ಚಿ, ತಣ್ಣೀರು ಹರಿಯುವ ಕೊಳವೆಸುರುಳಿಯಾದ ಕಾಯಿಲ್‌ನ ರೆಕ್ಕೆಗಳಲ್ಲಿ ಧೂಳು ಕಟ್ಟಿದೆಯೇ ನೋಡಿ. ಗಾಳಿ ಹಾಯದಿದ್ದರೆ ನೀರು ಶಾಖ ಹೊರದೆ ಹಾಗೇ ಮರಳುತ್ತದೆ. ಬೈಪಾಸ್ ವಾಲ್ವ್ ತೆರೆದೇ ಉಳಿದು, ಇಲ್ಲವೇ ಮೂರು ದಾರಿಯ ವಾಲ್ವ್ ಬೈಪಾಸ್ ಕಡೆಗೇ ತೆರೆದು, ನೀರು ಕಾಯಿಲ್‌ಗೆ ಹೋಗದೆ ಮರಳುತ್ತಿದ್ದರೂ ಇದೇ ಲಕ್ಷಣ. ಥರ್ಮೋಸ್ಟಾಟ್ 24ಕ್ಕೆ ತನ್ನಿ. 18ರಲ್ಲಿಟ್ಟರೆ ನೆರಳಿನ ಬದಿಯ ವಾಲ್ವ್‌ಗಳೂ ಮುಚ್ಚುವುದೇ ಇಲ್ಲ, ಬಿಸಿಲ ಬದಿಗೆ ನೀರು ಕಡಿಮೆಯಾಗುತ್ತದೆ.

ಇನ್ನು ಗಾಜು. ಸಂಜೆ ಸೂರ್ಯ ತಗ್ಗಿನಲ್ಲಿರುವುದರಿಂದ ಮೇಲಿನ ಸಜ್ಜಾ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಗಾಜಿನ ಹೊರಗೆ ಲಂಬ ಪಟ್ಟಿಗಳೋ, ಕೆಳಗಿಳಿಸುವ ಪರದೆಯೋ ಬೇಕು. ಒಳಗಿನ ಬ್ಲೈಂಡ್ ಕಣ್ಣಿಗೆ ತಂಪು, ಅಷ್ಟೇ. ಬಿಸಿಲು ಆಗಲೇ ಗಾಜು ದಾಟಿರುತ್ತದೆ.

ಪ್ರಶ್ನೆ: ಗಾಜಿಗೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಿದರೆ? ನಮ್ಮದು ಡಬಲ್ ಗ್ಲಾಸ್.

ಉತ್ತರ: ಗಾಜು ಒಡೆಯುವ ಅಪಾಯವಿದೆ. ಕಪ್ಪು ಫಿಲ್ಮ್ ಶಾಖ ಹೀರಿ ಗಾಜಿನ ನಡುವನ್ನು ಕಾಯಿಸುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗಿರುತ್ತದೆ. ಆ ಎಳೆತಕ್ಕೆ ಅಂಚಿನಿಂದ ಬಿರುಕು ಏಳುತ್ತದೆ. ಟಫನ್ ಮಾಡದ (ಕಾಯಿಸಿ ಗಟ್ಟಿಗೊಳಿಸದ) ಗಾಜಿನಲ್ಲಿ ಈ ಭಯ ಇನ್ನೂ ಹೆಚ್ಚು. ಫಿಲ್ಮೇ ಬೇಕಾದರೆ ಹೊರಮೈಗೆ ಹಾಕುವ, ಬಿಸಿಲನ್ನು ಹಿಂದಕ್ಕೆ ತಳ್ಳುವ ಜಾತಿಯದನ್ನು ಕೇಳಿ. ಗಾಜಿನ ತಯಾರಕರ ಒಪ್ಪಿಗೆ ಬರಹದಲ್ಲಿರಲಿ.

ಇನ್ನೊಬ್ಬರ ಉತ್ತರ: ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ರಾತ್ರಿ 2 ಗಂಟೆಗೆ ವಿದ್ಯುತ್ ಮೀಟರ್ ಓದಿಸಿ, ಆಗ ಏನೇನು ಓಡುತ್ತಿದೆ ಗೊತ್ತಾಗುತ್ತದೆ. ಹಲವು ಕಟ್ಟಡಗಳಲ್ಲಿ ಶೌಚಾಲಯದ ಎಕ್ಸಾಸ್ಟ್ ಫ್ಯಾನ್ ಇಡೀ ರಾತ್ರಿ ಓಡುತ್ತಿರುತ್ತದೆ. ಅದು ಹೊರಹಾಕಿದಷ್ಟೂ ಹೊರಗಿನ ಗಾಳಿ ಸಂದುಗಳಿಂದ ಒಳಬರುತ್ತದೆ. ಹೊರಗೆ ತೇವವಿದ್ದರೆ ಬೆಳಗಿನ ಚಿಲ್ಲರ್ ಆ ತೇವ ಹಿಂಡುವುದಕ್ಕೇ ದುಡಿಯಬೇಕು. ಒಂದು ಟೈಮರ್ ಸಾಕು.

ಕಾಯಿಲ್ ತೊಳೆದ ಮೇಲೆ ಎಎಚ್‌ಯು ಫ್ಯಾನಿಗೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಹಾಕಿಸಿ. ವೇಗ ಶೇ. 20 ಇಳಿದರೆ ಫ್ಯಾನ್ ತಿನ್ನುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ತಾಜಾ ಗಾಳಿಯ ಪ್ರಮಾಣ ಮಾತ್ರ ಕುಸಿಯದಂತೆ ಡ್ಯಾಂಪರ್ (ಗಾಳಿಯ ದಾರಿ ಹಿಗ್ಗಿಸಿ ಕುಗ್ಗಿಸುವ ಬಾಗಿಲು) ಮತ್ತೆ ಹೊಂದಿಸಿಕೊಳ್ಳಿ.