ಅವಳಿ ಗರ್ಭ: ಕುಬಸ, ತವರಿನ ಪ್ರಯಾಣ ಮತ್ತು ತಪಾಸಣೆ

ಪ್ರಶ್ನೆ (ಧಾರವಾಡ):
ನನ್ನ ಹೆಂಡತಿಗೆ 12 ವಾರ ನಡೆದಿದ್ದು, ಸ್ಕ್ಯಾನಿಂಗ್‌ನಲ್ಲಿ ಅವಳಿ ಎಂದು ತಿಳಿದಿದೆ. ಚೊಚ್ಚಲ ಬಸುರಿಯಾದ್ದರಿಂದ ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿ, ಮುಂಡರಗಿ ತಾಲ್ಲೂಕಿನ ತಮ್ಮ ಹಳ್ಳಿಗೆ ಕರೆದೊಯ್ಯುವುದಾಗಿ ಅತ್ತೆ-ಮಾವ ಹೇಳುತ್ತಿದ್ದಾರೆ. ಒಂದೇ ಮಗುವಿನ ಬಸುರಿಗೂ ಇದಕ್ಕೂ ಆರೈಕೆಯಲ್ಲಿ ಏನು ವ್ಯತ್ಯಾಸ? ಪದ್ಧತಿಯನ್ನು ಹಾಗೆಯೇ ನಡೆಸಬಹುದೇ?

ಉತ್ತರ 1 (ಹುಬ್ಬಳ್ಳಿ, ಹೆರಿಗೆ ವಾರ್ಡಿನ ನರ್ಸ್):
ಎರಡೂ ಮಕ್ಕಳಿಗೆ ಬೇರೆ ಬೇರೆ ಮಾಸು (ಪ್ಲಾಸೆಂಟಾ) ಇದೆಯೋ, ಒಂದನ್ನೇ ಹಂಚಿಕೊಂಡಿವೆಯೋ ಎಂಬುದನ್ನು ವರದಿಯಲ್ಲಿ ಮೊದಲು ನೋಡಿರಿ. ಬರೆದಿಲ್ಲವಾದರೆ ಈ ವಾರವೇ ಕೇಳಿರಿ, ಏಕೆಂದರೆ 14 ವಾರ ದಾಟಿದ ಮೇಲೆ ಅದನ್ನು ಖಚಿತವಾಗಿ ಹೇಳುವುದು ಕಷ್ಟವಾಗುತ್ತ ಹೋಗುತ್ತದೆ. ಬೇರೆ ಬೇರೆಯಾಗಿದ್ದರೆ ಸಾಮಾನ್ಯವಾಗಿ 4 ವಾರಕ್ಕೊಮ್ಮೆ ಸ್ಕ್ಯಾನಿಂಗ್ ಸಾಕು. ಒಂದೇ ಆಗಿದ್ದರೆ ಅದರೊಳಗಿನ ರಕ್ತನಾಳಗಳು ಕೂಡಿಕೊಂಡು ಒಂದು ಮಗುವಿನ ರಕ್ತ ಇನ್ನೊಂದರ ಕಡೆಗೆ ಹೆಚ್ಚಾಗಿ ಹರಿಯುವ ಅಪಾಯವಿರುವುದರಿಂದ, 16ನೆಯ ವಾರದಿಂದ 2 ವಾರಕ್ಕೊಮ್ಮೆ ನೋಡುತ್ತಾರೆ. ಒಂದು ಮಗುವಿನ ಸುತ್ತ ನೀರು ತೀರ ಕಡಿಮೆಯಾಗಿ, ಇನ್ನೊಂದರ ಸುತ್ತ ಮಿತಿಮೀರಿ ತುಂಬಿದ್ದರೆ ತಡಮಾಡುವಂತಿಲ್ಲ.

ಉತ್ತರ 2 (ಗದಗ, ಅವಳಿ ಮಕ್ಕಳ ತಾಯಿ):
ಜೋಡಿ ಬಾಳೆಹಣ್ಣು ತಿಂದದ್ದಕ್ಕೇ ಹೀಗಾಯಿತೆನ್ನುವವರು ನಿಮ್ಮಲ್ಲಿಗೂ ಬರುತ್ತಾರೆ, ನಕ್ಕು ಸುಮ್ಮನಿರಿ. ರಕ್ತಹೀನತೆ ಮತ್ತು ಬಿಪಿ ಅವಳಿ ಗರ್ಭದಲ್ಲಿ ಹೆಚ್ಚು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ನುಂಗುವುದು ಬೇಡ, ಅದರ ಸತ್ವ ಮೈಗೆ ಹತ್ತುವುದಿಲ್ಲ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿರಿ.

ಕುಬಸವನ್ನು ಬಿಡಬೇಕಾಗಿಲ್ಲ, ಐದನೆಯ ತಿಂಗಳಿಗೇ ಮಾಡಿಕೊಳ್ಳಿರಿ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಆದ್ದರಿಂದ ಏಳನೆಯ ತಿಂಗಳೆಂದರೆ ದೊಡ್ಡಾಸ್ಪತ್ರೆಯಿಂದ ದೂರ ಸರಿಯುವ ಹೊತ್ತಲ್ಲ. ತವರಿನವರೇ ಧಾರವಾಡಕ್ಕೆ ಬಂದು ಇರುವುದು ಒಳ್ಳೆಯದು. ಅತ್ತೆಯವರಿಗೆ ಇದನ್ನು ನೀವು ಹೇಳುವುದಕ್ಕಿಂತ ಡಾಕ್ಟರ ಬಾಯಿಂದ ಹೇಳಿಸಿದರೆ ಬೇಗ ಒಪ್ಪುತ್ತಾರೆ.

ಉತ್ತರ 3 (ಹಾವೇರಿ):
ಅವಳಿ ಎಂದ ಕೂಡಲೇ ಆಪರೇಷನ್ ಎಂದೇನೂ ಅಲ್ಲ. ಮೊದಲು ಬರುವ ಮಗುವಿನ ತಲೆ ಕೆಳಗಿದ್ದು, ಬೇರೆ ತೊಡಕಿಲ್ಲದಿದ್ದರೆ ಸಹಜ ಹೆರಿಗೆಯೂ ಸಾಧ್ಯ. ಆದರೆ 40 ವಾರದವರೆಗೆ ಕಾಯುವುದಿಲ್ಲ. ಮಾಸು ಬೇರೆಯಾಗಿದ್ದರೆ ಸುಮಾರು 37ಕ್ಕೆ, ಒಂದೇ ಆಗಿದ್ದರೆ 36ರ ಆಸುಪಾಸಿಗೆ ಹೆರಿಗೆ ಮಾಡಿಸುತ್ತಾರೆ. ನೀವು ಆರಿಸುವ ಆಸ್ಪತ್ರೆಯ ಎನ್‌ಐಸಿಯುದಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಂದೇ ಹೊತ್ತಿಗೆ ಎರಡು ಕೂಸುಗಳಿಗೆ ಜಾಗ ಸಿಗುವುದೇ ಎಂದು ಈಗಲೇ ವಿಚಾರಿಸಿರಿ. ಖಾಸಗಿಯವರಲ್ಲಿ ಇಬ್ಬರ ಖರ್ಚನ್ನೂ ಕೇಳಿಕೊಳ್ಳಿರಿ. ತಾಯಿ ಕಾರ್ಡ್ ಕೈಗೆ ಸಿಗುವಂತಿರಲಿ, ನೀರು ಒಡೆದರೆ ನೋವು ಬರಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ.